ಜುಂಜಮ್ಮ ಕೊಟ್ಟ ಎರಡು ಚೀಲ

ಕಾಲೇಜಿನ ಲ್ಯಾಬ್ ಅಟೆಂಡರ್ ಎಂದರೆ ಬಾಟಲಿ ತೊಳೆಯುವವಳು ಎಂದು ನಮ್ಮ ಕಡೆ ಎಲ್ಲರೂ ತಿಳಿದಿದ್ದಾರೆ. ತಪ್ಪೇನಿಲ್ಲ, ತೊಳೆದಿದ್ದೇನೆ. ಮಧುಗಿರಿ, ಕೊರಟಗೆರೆ, ಪಾವಗಡ, ಕೊನೆಗೆ ಶಿರಾ, ಹೀಗೆ ನಾಲ್ಕು ತಾಲ್ಲೂಕಿನ ನಲ್ಲಿ ನೀರು, ಬೋರ್‌ವೆಲ್ ನೀರು, ಟ್ಯಾಂಕರ್ ನೀರು ಎಲ್ಲದರಲ್ಲೂ ತೊಳೆದಿದ್ದೇನೆ. ಯಾವ ಊರಿನ ನೀರು ಗಾಜಿನ ಮೇಲೆ ಎಂಥ ಬಿಳಿ ಕಲೆ ಬಿಡುತ್ತದೆ ಎಂದು ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಹೇಳುತ್ತೇನೆ.

ಈ ಕೆಲಸಕ್ಕೆ ಹೊಸದಾಗಿ ಬರುತ್ತಿರುವವರಿಗೆ ನಾಲ್ಕು ಮಾತು ಬರೆದುಕೊಡಿ ಎಂದು ಕಾಲೇಜಿನವರು ಬಹಳ ದಿನದಿಂದ ಕೇಳುತ್ತಿದ್ದರು. ಏನು ಬರೆಯುವುದು ಎಂದು ಮುಂದೂಡುತ್ತಲೇ ಇದ್ದೆ. ಮೊನ್ನೆ ನಮ್ಮ ವಿದ್ಯಾರ್ಥಿಗಳ ಪ್ರಾಜೆಕ್ಟ್ ವರದಿ ಅಚ್ಚಾಗಿ ಕೈಗೆ ಬಂತು. ಅದರ ಕೊನೆಯ ಪುಟ ಧನ್ಯವಾದಗಳದ್ದು. ಆ ಒಂದು ಪುಟ ಬರೆಯಲು ಮಕ್ಕಳು ಪಟ್ಟ ಪಾಡು, ಅದರ ಹಿಂದೆ ನಾನು ಮಾಡಿದ ತಪ್ಪು, ಒಬ್ಬ ಅಜ್ಜಿಯ ಮರ್ಯಾದೆಯ ಪ್ರಶ್ನೆ, ಇಷ್ಟನ್ನು ಬರೆದರೆ ಕೆಲಸದ ವಿಷಯ ಹೆಚ್ಚುಕಡಿಮೆ ಎಲ್ಲ ಬಂದಂತೆಯೇ ಅನ್ನಿಸಿತು.

ಆದರೆ ಮೊದಲಿನಿಂದ ಹೇಳಬೇಕು. ನಾನು ಧನ್ಯವಾದ ಹೇಳಬೇಕಾಗಿದ್ದವರೂ ಇದ್ದಾರೆ, ಹೇಳದೆ ಉಳಿದೆ.

ಮಧುಗಿರಿಯಲ್ಲಿ ನಾನು ಸೇರಿದಾಗ ಹಿರಿಯ ಅಟೆಂಡರ್ ಆಗಿದ್ದವರು ಬಾಷಾ ಸಾಹೇಬರು, ಶಿರಾದವರು. ಮೊದಲ ದಿನವೇ ಒಂದು ರಾಶಿ ಟೆಸ್ಟ್ ಟ್ಯೂಬ್ ತೊಳೆಯಲು ಕೊಟ್ಟರು. ನಾನು ತೊಳೆದು ಮುಗಿಸಿ ಸೆರಗಿಗೆ ಕೈ ಒರೆಸಿಕೊಳ್ಳುತ್ತಿದ್ದರೆ, ಅವರು ಒಂದೊಂದನ್ನೇ ಕಿಟಕಿಯ ಬೆಳಕಿಗೆ ಹಿಡಿದು ನೋಡಿ ಅರ್ಧಕ್ಕರ್ಧ ವಾಪಸ್ ತೊಟ್ಟಿಗೆ ಹಾಕಿದರು. ನನಗೆ ಅಳುವೇ ಬಂತು.

"ಅಳಬ್ಯಾಡ ಬೇಟಿ. ಗಾಜು ಸುಳ್ಳು ಹೇಳಾಕಿಲ್ಲ, ಅದುಕ್ಕೇ ಬೆಳಕಿಗೆ ಹಿಡಿಯಾದು," ಎಂದರು. "ಇನ್ನೊಂದು ಮಾತು ಯಾದ್ ಇಟ್ಕೊ. ಹೆಸ್ರು ಬರೀದೇ ಇರೋ ಬಾಟ್ಲಿ ಕಂಡ್ರೆ ಜಹರ್ ಅಂತ್ಲೇ ತಿಳ್ಕೊ. ಒಳಗೆ ಬರೀ ನೀರಿದ್ರೂವೆ."

ಜಹರ್ ಎಂದರೆ ವಿಷ. ಆ ಮಾತನ್ನು ನಾನು ನಿವೃತ್ತಿಯವರೆಗೂ ಬಿಡಲಿಲ್ಲ. ಪ್ರತಿ ಬಾಟಲಿಗೂ ಚೀಟಿ, ಚೀಟಿಯಲ್ಲಿ ಹೆಸರು, ತಾರೀಕು, ಮಾಡಿದವರ ಸಹಿ. ನಮ್ಮ ಮನೆಯ ಅಡುಗೆಮನೆಯಲ್ಲೂ ಡಬ್ಬಿಗಳಿಗೆ ಚೀಟಿ ಇದೆ. ನಮ್ಮ ಯಜಮಾನರು ಅದನ್ನು ನೋಡಿ ನಗುತ್ತಾರೆ. ಸೋಡಾಪುಡಿಯನ್ನು ಉಪ್ಪು ಎಂದುಕೊಂಡು ಸಾರಿಗೆ ಹಾಕಿದವರು ಅವರೇ, ನಾನಲ್ಲ.

ಎಡವಟ್ಟು ನಾನೂ ಮಾಡಿದ್ದೇನೆ. ಕೊರಟಗೆರೆಯಲ್ಲಿದ್ದಾಗ ಪ್ರಾಯೋಗಿಕ ಪರೀಕ್ಷೆಗೆ ಎರಡು ದಿನ ಇರುವಾಗ ಅಗಾರ್ ಮುಗಿದುಹೋಯಿತು. ಅಗಾರ್ ಎಂದರೆ ತಟ್ಟೆಯಲ್ಲಿ ಬ್ಯಾಕ್ಟೀರಿಯಾ ಬೆಳೆಸಲು ಬಳಸುವ, ಕುದಿಸಿ ಆರಿಸಿದರೆ ಗಟ್ಟಿಯಾಗುವ ಪುಡಿ. ಬೇಕರಿಯವರು ಬಳಸುವ ಚೈನಾ ಗ್ರಾಸ್ ಕೂಡ ಅದೇ ಎಂದು ಯಾರೋ ಹೇಳಿದ್ದು ನೆನಪಿತ್ತು. ಅಂಗಡಿಗೆ ಓಡಿ, ಅವನು ಕೊಟ್ಟ ಪ್ಯಾಕೆಟ್ ತಂದು ಕುದಿಸಿದೆ. ಕುದಿಯುವಾಗಲೇ ಗುಲಾಬಿ ಬಣ್ಣ ಬಂತು. ಒಳ್ಳೇ ಕಂಪನಿಯದು ಇರಬೇಕು ಅಂದುಕೊಂಡೆ. ಪರೀಕ್ಷೆಯ ದಿನ ಹೊರಗಿನಿಂದ ಬಂದ ಪರೀಕ್ಷಕರು ತಟ್ಟೆ ಎತ್ತಿ ಮೂಸಿ, "ಇದನ್ನ ಮಕ್ಕಳು ನೋಡಬೇಕೋ, ತಿನ್ನಬೇಕೋ?" ಎಂದರು. ಅದು ಸ್ಟ್ರಾಬೆರಿ ಜೆಲ್ಲಿಯ ಪುಡಿ.

ನಮ್ಮ ವಿಭಾಗದ ಮುಖ್ಯಸ್ಥರು ಸಿದ್ದಲಿಂಗಪ್ಪ ಸರ್ ಎಂದು, ಕಡ್ಡಿ ಮುರಿದಂತೆ ಮಾತಾಡುವ ಮನುಷ್ಯ. ಇವತ್ತು ನನ್ನ ಕೆಲಸ ಹೋಯಿತು ಎಂದೇ ನಿಂತಿದ್ದೆ. ಅವರು ಪರೀಕ್ಷಕರಿಗೆ, "ಪುಡಿ ತರಿಸಿದ್ದು ನಾನೇ, ಪ್ಯಾಕೆಟ್ ಓದಬೇಕಿತ್ತು," ಎಂದುಬಿಟ್ಟರು. ಆಮೇಲೆ ನನ್ನನ್ನು ಕರೆದು ಬೈಯಲೂ ಇಲ್ಲ. "ಇನ್ನು ಮೇಲೆ ಓದಿ ತಾರಮ್ಮ," ಎಂದಷ್ಟೇ ಹೇಳಿದರು. ಅವತ್ತು ಅವರಿಗೆ ಒಂದು ನಮಸ್ಕಾರ ಹೇಳಲು ನನಗೆ ಬಾಯಿ ಬರಲಿಲ್ಲ. ಆಮೇಲೆ ಅವರಿಗೆ ವರ್ಗವಾಯಿತು.

ಪಾವಗಡದಲ್ಲಿ ಇನ್ನೊಂದು ಬಗೆ. ಗಾಜಿನ ಸಾಮಾನನ್ನು ಹಬೆಯಲ್ಲಿ ಬೇಯಿಸಿ ಕ್ರಿಮಿ ಕೊಲ್ಲುವ ಆಟೊಕ್ಲೇವ್ ಯಂತ್ರ ಕೆಟ್ಟು ಮೂಲೆ ಸೇರಿತ್ತು. ನಾನು ಮನೆಯ ಪ್ರೆಷರ್ ಕುಕ್ಕರ್ ತಂದು ಅದರಲ್ಲೇ ಕೆಲಸ ನಡೆಸಿದೆ. ಮೂರನೇ ವಿಷಲ್‌ಗೆ ಪ್ರಿನ್ಸಿಪಾಲರೇ ಬಾಗಿಲಲ್ಲಿ ನಿಂತಿದ್ದರು. ಅರ್ಧ ತೆಲುಗು, ಅರ್ಧ ಕನ್ನಡದ ಮನುಷ್ಯ.

"ಏಮ್ಮಾ, ಇದಿ ಲ್ಯಾಬಾ, ವಂಟಿಲ್ಲಾ?" ಲ್ಯಾಬೋ ಅಡುಗೆಮನೆಯೋ ಎಂದು ಅವರ ಪ್ರಶ್ನೆ.

"ಎರಡೂ ಒಂದೇ ಸಾರ್, ಇಲ್ಲಿ ಬೇಯಿಸಿದ್ದನ್ನ ತಿನ್ನಲ್ಲ ಅಷ್ಟೇ," ಎಂದೆ. ಮಾರನೆಯ ದಿನ ಅವರ ಮನೆಯಿಂದ ಕುಕ್ಕರಿಗೆ ಹೊಸ ಗ್ಯಾಸ್ಕೆಟ್ ಬಂತು.

ಕೆಲಸದ ರೀತಿ ಬದಲಾಗಿದ್ದಕ್ಕೆ ಲೆಕ್ಕವೇ ಇಲ್ಲ. ಮೊದಲೆಲ್ಲ ಪಿಪೆಟ್ಟನ್ನು ಬಾಯಲ್ಲಿ ಕಚ್ಚಿ ದ್ರವ ಎಳೆಯುತ್ತಿದ್ದೆವು. ಎಷ್ಟೋ ಸಲ ನಾಲಿಗೆಗೆ ತಾಗಿದೆ, ಬದುಕಿದ್ದೇನೆ. ಕಪ್ಪೆ ಕೊಯ್ಯುವುದು ನಿಂತಿತು, ಸುತ್ತಲಿನ ಕಪ್ಪೆಗಳಿಗೆ ನೆಮ್ಮದಿಯಾಯಿತು, ನನಗೂ ಆಯಿತು. ಶಿರಾಕ್ಕೆ ಬರುವ ಹೊತ್ತಿಗೆ ಬೆರಳಿನಲ್ಲಿ ಒತ್ತಿದರೆ ಕಣ್ಣಿಗೆ ಕಾಣದಷ್ಟು ಚಿಕ್ಕ ಹನಿ ಎತ್ತುವ ಮೈಕ್ರೊಪಿಪೆಟ್ ಬಂದಿತ್ತು. ನಿವೃತ್ತಿಗೆ ಒಂದು ವರ್ಷ ಇರುವಾಗ ಅದನ್ನು ಹಿಡಿಯಲು ಕಲಿಸಿದವಳು ಗಿರಿಜಾ ಎಂಬ ವಿದ್ಯಾರ್ಥಿನಿ. ಗೌಡಗೆರೆಯ ಹುಡುಗಿ, ಮನೆಯಲ್ಲಿ ಕುರಿ ಮಂದೆ, ಒಂದಿಷ್ಟು ಕಡಲೆಕಾಯಿಯ ಹೊಲ. ಕೈ ಎಂದರೆ ಕೈ ಅವಳದು, ಒಂದು ಹನಿ ಆಚೀಚೆ ಆಗುತ್ತಿರಲಿಲ್ಲ.

ಆ ವರ್ಷ ಗಿರಿಜಾ ಮತ್ತು ಇನ್ನು ಮೂವರು ಸೇರಿ ಒಂದು ಪ್ರಾಜೆಕ್ಟ್ ಹಿಡಿದರು. ಅವರ ಮೇಲೆ ಅಧ್ಯಾಪಕರಾದ ಮಂಜುನಾಥ ಸರ್, ಅವರಿಗೂ ಮೇಲೆ ಫೋನಿನಲ್ಲೇ ಪಾಠ ಹೇಳುವ ಬೆಂಗಳೂರಿನ ಒಬ್ಬ ವಿಜ್ಞಾನಿ ಮೇಡಂ. ಅದಕ್ಕೆ ಸಿಂಥೆಟಿಕ್ ಬಯಾಲಜಿ ಎನ್ನುತ್ತಾರಂತೆ. ಬ್ಯಾಕ್ಟೀರಿಯಾದ ಒಳಗಿನ ಜೀನ್‌ಗಳನ್ನು ನಮಗೆ ಬೇಕಾದ ಹಾಗೆ ಜೋಡಿಸಿ, ಅದರಿಂದ ಹೊಸ ಕೆಲಸ ಮಾಡಿಸುವುದು.

"ನಾಯಿಗೆ ಮಂದೆ ಕಾಯೋದು ಕಲಿಸ್ದಂಗಾ?" ಎಂದು ಕೇಳಿದೆ.

"ಅಂಗೇ ಅನ್ಕೊಳ್ಳಿ ಸರೋಜಕ್ಕ," ಎಂದಳು ಗಿರಿಜಾ. "ತೋಳ ಬಂದ್ರೆ ನಾಯಿ ಬೊಗಳ್ತದಲ್ಲ, ಇದು ವಿಷ ಕಂಡ್ರೆ ಕೆಂಪಾಯ್ತದೆ."

ವಿಷ ಎಂದರೆ ಕಡಲೆಕಾಯಿಯದು. ಕಾಯಿ ಸರಿಯಾಗಿ ಒಣಗದೆ ಮೂಟೆಯಲ್ಲಿ ಬೂಷ್ಟು ಹಿಡಿದರೆ, ಆ ಬೂಷ್ಟು ಒಂದು ವಿಷ ಬಿಡುತ್ತದೆ. ಅದು ಕಣ್ಣಿಗೆ ಕಾಣುವುದಿಲ್ಲ, ವರ್ಷಾನುಗಟ್ಟಲೆ ತಿಂದರೆ ಯಕೃತ್ತನ್ನು ಹಾಳುಮಾಡುತ್ತದೆ. ಕಾಯಿ ಅರೆದು ಅದರ ಸಾರವನ್ನು ಬ್ಯಾಕ್ಟೀರಿಯಾ ಇರುವ ಟ್ಯೂಬಿಗೆ ಹಾಕಿದರೆ, ವಿಷ ಇದ್ದಲ್ಲಿ ಟ್ಯೂಬು ಕೆಂಪಾಗಬೇಕು. ಇಷ್ಟೇ ಪ್ರಾಜೆಕ್ಟ್. ಅಂಥ ಬ್ಯಾಕ್ಟೀರಿಯಾವನ್ನು ಲ್ಯಾಬಿನ ಹೊಸ್ತಿಲು ದಾಟಿಸುವಂತಿಲ್ಲ ಎಂದು ನಿಯಮ. ಹಾಗಾಗಿ ಕಾಯಿಯೇ ನಮ್ಮಲ್ಲಿಗೆ ಬರಬೇಕು. ಮಕ್ಕಳು ಗಿರಿಜಾಳ ಬೀದಿಯಲ್ಲಿ ಮನೆಮನೆಗೆ ಹೋಗಿ, "ಬೂಷ್ಟು ಹಿಡಿದ ಹಳೇ ಕಾಯಿ ಕೊಡಿ," ಎಂದು ಕೇಳಿಬಂದರು. ಎರಡು ದಿನ ಬಿಟ್ಟು ಚೀಲಗಳು ಬಂದವು. ನಾನು ಚೀಟಿ ಅಂಟಿಸಿದೆ.

ಒಂದು ಟ್ಯೂಬೂ ಕೆಂಪಾಗಲಿಲ್ಲ.

ಬೆಂಗಳೂರಿನಿಂದ ಮೇಡಂ ಕಳಿಸಿದ್ದ ಶುದ್ಧ ವಿಷದ ಹನಿ ಹಾಕಿದರೆ ಕೆಂಪಗಾಗುತ್ತಿತ್ತು. ನಮ್ಮ ಕಾಯಿಯ ಸಾರ ಹಾಕಿದರೆ ಮಾತ್ರ ತಿಳಿನೀರು. ಕಾಯಿಯ ಎಣ್ಣೆ ಅಡ್ಡ ಬರುತ್ತಿರಬೇಕು ಎಂದು ಎಣ್ಣೆ ತೆಗೆದು ನೋಡಿದರು. ಸಾರ ತೆಗೆಯುವ ರೀತಿ ಬದಲಿಸಿದರು. ಚೀಲ ಮುಗಿದರೆ ಅದೇ ಮನೆಗಳಿಂದ ಮತ್ತೆ ತಂದರು. ಮೂರು ತಿಂಗಳು ಹೀಗೇ ಹೋಯಿತು. ನಡುವೆ ನನಗೆ ನಿವೃತ್ತಿಯಾಯಿತು. ಹಾರ, ಶಾಲು, ಮೈಸೂರುಪಾಕು. ಹಾರ ಒಣಗುವ ಮೊದಲೇ ಮತ್ತೆ ಲ್ಯಾಬಿಗೆ ಹೋಗಿ ಕೂತೆ. ಮನೆಯಲ್ಲಿ ಕೂತರೆ ಆ ಟ್ಯೂಬುಗಳೇ ಕಣ್ಣ ಮುಂದೆ ಬರುತ್ತಿದ್ದವು.

ಬೆಂಗಳೂರಿನಲ್ಲಿ ಎಲ್ಲ ಕಾಲೇಜಿನವರೂ ತಮ್ಮ ಪ್ರಾಜೆಕ್ಟ್ ತೋರಿಸುವ ದಿನಕ್ಕೆ ಮೂರು ವಾರ ಉಳಿದಾಗ ಮಂಜುನಾಥ ಸರ್ ಎಲ್ಲರನ್ನೂ ಕರೆದರು. "ಹೊಲದಿಂದ ಬಂದ ಒಂದೇ ಒಂದು ಕಾಯಿಯಾದರೂ ಕೆಂಪಾಗಬೇಕು. ಇಲ್ಲದಿದ್ದರೆ ನಮ್ಮ ಹೆಸರು ವಾಪಸ್ ತೆಗೆದುಕೊಳ್ಳೋಣ, ಸುಳ್ಳು ಹೇಳಿ ನಿಲ್ಲುವುದು ಬೇಡ," ಎಂದರು. ಅವರು ಹೇಳಿದ್ದು ಸರಿಯೇ ಇತ್ತು. ನನಗೆ ಮಾತ್ರ ತಲೆ ಕೆಟ್ಟಿತು. ನಾಲ್ವರ ಮುಂದೆ ಗಿರಿಜಾಳ ಮೇಲೆ ಹರಿಹಾಯ್ದೆ.

"ಸಾರ ತೆಗೆಯೋಳು ನೀನು. ಎಲ್ಲೋ ನಿನ್ನ ಕೈಯೇ ತಪ್ತಾ ಇದೆ. ಮನಸ್ಸು ಎಲ್ಲಿಟ್ಕೊಂಡು ಕೆಲಸ ಮಾಡ್ತೀಯ?"

ಅವಳು ಟ್ಯೂಬುಗಳನ್ನೆಲ್ಲ ತೊಳೆದು, ಒಂದೊಂದನ್ನೂ ಬೆಳಕಿಗೆ ಹಿಡಿದು ನೋಡಿ, ಸ್ಟ್ಯಾಂಡಿಗೆ ಇಟ್ಟು ಹೋದಳು. ಮಾರನೆಯ ದಿನ ಬರಲಿಲ್ಲ.

ಅವಳಿಲ್ಲದ ಆ ದಿನ ನನಗೆ ಕೈ ಕಟ್ಟಿಹಾಕಿದಂತಾಗಿತ್ತು. ಸುಮ್ಮನೆ ಕೂರಲಾರದೆ ಚೀಲಗಳನ್ನು ಜೋಡಿಸತೊಡಗಿದೆ. ಒಂದರ ಬಾಯಿ ಬಿಚ್ಚಿಕೊಂಡು ಕಾಯಿ ಟ್ರೇ ಮೇಲೆ ಚೆಲ್ಲಿತು. ಆಗ ನೋಡಿದೆ, ಮೂರು ತಿಂಗಳಲ್ಲಿ ಮೊದಲ ಸಲ. ಮಣ್ಣಿಲ್ಲ, ಕಡ್ಡಿಯಿಲ್ಲ, ಒಂದೂ ಜೊಳ್ಳಿಲ್ಲ. ಎಲ್ಲ ಒಂದೇ ಅಳತೆಯ, ತುಂಬಿದ, ಹೊಳೆಯುವ ಕಾಯಿ. ಬೀಗರ ಮನೆಗೆ ಕೊಟ್ಟು ಕಳಿಸುವಂಥ ಕಾಯಿ! ಇನ್ನೊಂದು ಚೀಲ ಬಿಚ್ಚಿದೆ, ಅದೂ ಹಾಗೇ. ಮೊರದಲ್ಲಿ ಕೇರಿ, ಕೂತು ಆರಿಸಿ, ಹಸನು ಮಾಡಿ ಕೊಟ್ಟಿದ್ದರು.

ವಿಷ ಕಣ್ಣಿಗೆ ಕಾಣುವುದಿಲ್ಲ ಎಂದು ಪುಸ್ತಕದಲ್ಲಿ ಓದಿದ್ದ ಮಕ್ಕಳು ಕಾಯಿಯ ಚೆಂದ ನೋಡಿ ಅನುಮಾನಪಡಲಿಲ್ಲ. ಅವರನ್ನು ಅನ್ನುವಂತಿಲ್ಲ. ಆದರೆ ಹುಟ್ಟಿದಾಗಿನಿಂದ ಮೊರ ಹಿಡಿದ ನಾನು? ಗಾಜನ್ನು ಬೆಳಕಿಗೆ ಹಿಡಿದೆ, ಕಾಯಿಯನ್ನು ಹಿಡಿಯಲಿಲ್ಲ. ಕಾಣದೆ ಇದ್ದದ್ದು ನನ್ನ ಕಣ್ಣಿಗೆ, ಬೈಗುಳ ತಿಂದದ್ದು ಆ ಹುಡುಗಿ. ನಾಚಿಕೆಯಾಯಿತು. ಗೌಡಗೆರೆ ಬಸ್ಸು ಹತ್ತಿದೆ.

ಗಿರಿಜಾಳ ಅಜ್ಜಿ ಜುಂಜಮ್ಮ ಜಗಲಿಯ ಮೇಲೆ ಕಾಲು ಚಾಚಿ ಕೂತು ಕಾಯಿಯನ್ನೇ ಕೇರುತ್ತಿದ್ದರು. ನಾನು ಯಾರೆಂದು ಹೇಳಿಕೊಂಡು, ನೀರು ಕುಡಿದು, ನೇರವಾಗಿ ಕೇಳಿದೆ.

"ಅಜ್ಜಿ, ಮಕ್ಕಳು ಕೇಳಿದ್ದು ಬೂಷ್ಟು ಹಿಡಿದ ಕಾಯಿ. ನೀವು ಕೊಟ್ಟಿದ್ದು ಯಾವುದು?"

"ಅಯ್ ಬುಡಮ್ಮ," ಎಂದರು. "ಓದೋ ಮಕ್ಳು ಬಾಗ್ಲಿಗೆ ಬಂದು ಚೀಲ ಒಡ್ಡುದ್ರೆ ಕೆಟ್ಟುದ್ದ ಸುರಿಯಾಕಾಯ್ತದಾ? ಕಂಡೋರು ಏನಂದಾರು? ಕೇರಿ, ಆರ್ಸಿ, ಚೆಂದಾಗಿರಾದ್ನೇ ಕೊಟ್ಟೆ. ನಾನೊಬ್ಳೇ ಅಲ್ಲ ಕಣಮ್ಮ, ಈ ಬೀದಿ ಹೆಣ್ಮಕ್ಳೆಲ್ಲ ಅಂಗೇ ಮಾಡಿರಾದು."

ಒಳಗಿನಿಂದ ಗಿರಿಜಾ ಓಡಿಬಂದಳು. "ಅಜ್ಜೀ! ಕೆಟ್ಟುದ್ದೇ ಬೇಕು ಅಂತ ಎಷ್ಟು ಸಲ ಬಡ್ಕೊಂಡೆ ನಿಂಗೆ!"

"ನೀನು ಮನೆ ಮಗಳು, ಹೇಳ್ತೀಯ ಕಣೆ. ಚೀಲ ಹೋಗಾದು ಕಾಲೇಜು ಮೇಷ್ಟ್ರ ತಾವ್ಕೆ. ಜುಂಜಮ್ಮ ಬೂಷ್ಟು ಕಾಯಿ ಕಳ್ಸವ್ಳೆ ಅಂತ ಅನ್ನಿಸ್ಕೊಳ್ಳಾ?"

ನನಗೆ ನಗು ತಡೆಯಲಾಗಲಿಲ್ಲ. ಗಿರಿಜಾ ಕೂಡ ನಗಲು ಶುರುಮಾಡಿದಳು. ನಗುತ್ತಲೇ ಕೇಳಿದೆ, "ಸರಿ ಅಜ್ಜಿ, ಆರಿಸಿ ತೆಗೆದ ಕೆಟ್ಟದ್ದನ್ನ ಏನು ಮಾಡಿದ್ರಿ?"

"ಏನ್ಮಾಡ್ತಾರೆ? ನಮ್ಗೆ ಇಟ್ಕೊಂಡೊ. ಹುರುದು ಚಟ್ನಿ ಅರುದ್ರೆ ಯಾರ್ಗೆ ಗೊತ್ತಾಯ್ತದೆ? ಒಸಿ ಕಹಿ ಇರ್ತದೆ. ಖಾರ ಹೆಚ್ಗೆ ಹಾಕ್ಬುಟ್ರೆ ಆಯ್ತು."

ಗಿರಿಜಾಳ ನಗು ನಿಂತುಹೋಯಿತು. ನನ್ನದೂ. ನನ್ನ ತಾಯಿಯೂ ಹಾಗೇ ಮಾಡುತ್ತಿದ್ದರು. ಮಾರಲು ಒಳ್ಳೆಯದು, ನೆಂಟರಿಗೆ ಒಳ್ಳೆಯದು, ಮೊರದ ತುದಿಯಲ್ಲಿ ಉಳಿದದ್ದು ಮನೆಯವರ ಚಟ್ನಿಗೆ. ಅದರಲ್ಲೂ ಹೆಂಗಸರ ತಟ್ಟೆಗೆ. ಇಷ್ಟು ವರ್ಷ ಲ್ಯಾಬಿನಲ್ಲಿ ದುಡಿದ ನಾನೂ ಮನೆಯಲ್ಲಿ ಅದನ್ನೇ ಮಾಡಿಕೊಂಡು ಬಂದಿದ್ದೆ. ಮೂರು ತಿಂಗಳು ನಾವು ಹುಡುಕುತ್ತಿದ್ದ ವಿಷ ಒಲೆಯ ಪಕ್ಕದ ಡಬ್ಬಿಯಲ್ಲಿತ್ತು.

ಗಿರಿಜಾ ಅಜ್ಜಿಯ ಪಕ್ಕ ಕೂತು, ಬೂಷ್ಟಿನ ವಿಷ ಹುರಿದರೂ ಪೂರ್ತಿ ಹೋಗುವುದಿಲ್ಲ, ಖಾರ ಹಾಕಿದರೂ ಹೋಗುವುದಿಲ್ಲ ಎಂದು ಬಿಡಿಸಿ ಹೇಳಿದಳು. ಅಜ್ಜಿ ಮೊರ ಕೆಳಗಿಟ್ಟು ಕೇಳಿದರು. ಎದ್ದು ಒಳಗೆ ಹೋಗಿ ಆ ಡಬ್ಬಿಯನ್ನೇ ತಂದು ನನ್ನ ಮುಂದೆ ಇಟ್ಟರು.

"ತಕ್ಕೊಂಡೋಗು. ಆದ್ರೆ ಇದು ನಮ್ಮನೇದು ಅಂತ ಎಲ್ಲೂ ಹೆಸ್ರು ಬರಬಾರ್ದು, ಮಾತು ಕೊಡು."

ಮಾತು ಕೊಟ್ಟೆ. ಚೀಲಕ್ಕೆ ಸುರಿದುಕೊಂಡು ಎದ್ದರೆ ಅಜ್ಜಿ ಬಿಡಲಿಲ್ಲ. ಇನ್ನೊಂದು ಚೀಲದಲ್ಲಿ ಒಳ್ಳೆಯ ಕಾಯಿ ತುಂಬಿ ಕೈಗಿಟ್ಟರು. "ಬರೀ ಕೆಟ್ಟುದ್ನೇ ಕೊಟ್ಟು ಕಳ್ಸಾದು ನಮ್ಮ ಪದ್ಧತಿ ಅಲ್ಲ," ಎಂದರು. ಆ ಬೀದಿಯ ಉಳಿದ ಮನೆಗಳಲ್ಲೂ ಹಾಗೇ ಆಯಿತು. ಕೆಟ್ಟದ್ದು ಒಂದು ಚೀಲ, ಅದರ ಮುಜುಗರ ಮುಚ್ಚಲು ಒಳ್ಳೆಯದು ಒಂದು ಚೀಲ. ಬಸ್ಸಿನಲ್ಲಿ ಕಂಡಕ್ಟರ್ ಲಗೇಜ್ ಟಿಕೆಟ್ ಹರಿದ.

ಅದೇ ಬಸ್ಸಿನಲ್ಲಿ ಗಿರಿಜಾಳೂ ಬಂದಳು. ದಾರಿಯಲ್ಲಿ ಅವಳಿಗೆ ಹೇಳಿದೆ, "ನಿನ್ನ ಕೈ ಸರಿಯಾಗೇ ಇತ್ತು ಕಣಮ್ಮ. ನನ್ನ ಕಣ್ಣೇ ಸರಿ ಇರಲಿಲ್ಲ. ನಾಲ್ಕು ಜನದ ಮುಂದೆ ಬೈದಿದ್ದೀನಿ, ನಾಲ್ಕು ಜನದ ಮುಂದೇನೇ ತಪ್ಪಾಯ್ತು ಅಂತೀನಿ." ಅಂದಂತೆ ಮಾಡಿದೆ. ಅವಳು ನಾಚಿಕೊಂಡು ಟ್ಯೂಬ್ ತೊಳೆಯಲು ಹೋದಳು.

ಮೊದಲ ಟ್ಯೂಬು ಜುಂಜಮ್ಮನ ಡಬ್ಬಿಯದು. ಸ್ವಲ್ಪ ಹೊತ್ತು ಏನೂ ಇಲ್ಲ, ಆಮೇಲೆ ತಳದಿಂದ ದಾಸವಾಳದ ಬಣ್ಣ ಏರಿತು. ಪಕ್ಕದಲ್ಲಿ ಅದೇ ಮನೆಯ, ಅದೇ ಬೆಳೆಯ ಒಳ್ಳೆಯ ಕಾಯಿಯ ಟ್ಯೂಬು, ತಿಳಿಯಾಗಿಯೇ ಉಳಿಯಿತು. ಫೋನಿನಲ್ಲಿ ನೋಡುತ್ತಿದ್ದ ಬೆಂಗಳೂರಿನ ಮೇಡಂ, "ಒಂದೇ ಮನೆಯ ಜೋಡಿ ಮಾದರಿ! ಇದನ್ನು ಯೋಚಿಸಿದ್ದು ಯಾರು?" ಎಂದು ಕೂಗಿದರು. ಯಾರೂ ಯೋಚಿಸಿರಲಿಲ್ಲ, ಅದು ಆ ಹೆಂಗಸರ ಮರ್ಯಾದೆ. ಆಮೇಲೆ ಪಾವಗಡದ ಕಡೆಯ ಕ್ಯಾತಗಾನಚೆರ್ಲಿನಿಂದಲೂ ಚೀಲ ಬಂತು. ಜಮೀನನ್ನು ಸೋಲಾರ್ ಪಾರ್ಕಿಗೆ ಗುತ್ತಿಗೆ ಕೊಟ್ಟ ಮನೆಯವರು ಬಿತ್ತನೆಗೆಂದು ಎತ್ತಿಟ್ಟು, ಬಿತ್ತಲು ಹೊಲವಿಲ್ಲದೆ ಉಳಿಸಿಕೊಂಡಿದ್ದ ಕಾಯಿ. ಎಲ್ಲಕ್ಕಿಂತ ಕಡುಗೆಂಪು ಅದೇ ಆಯಿತು.

ಬಹುಮಾನ ಬಂತೇ ಎಂದು ಎಲ್ಲರೂ ಕೇಳುತ್ತಾರೆ. ಕಂಚಿನದೊಂದು ಪದಕ ಬಂತು. ಪ್ರಿನ್ಸಿಪಾಲರ ಕೋಣೆಯ ಬೀರುವಿನಲ್ಲಿದೆ.

ಇನ್ನು ವರದಿಯ ಆ ಕೊನೆಯ ಪುಟ. ಆಡಳಿತ ಮಂಡಳಿ, ಪ್ರಿನ್ಸಿಪಾಲರು, ಬೆಂಗಳೂರಿನ ಮೇಡಂ, ಮಂಜುನಾಥ ಸರ್ ಎಲ್ಲರ ಹೆಸರೂ ಇತ್ತು. ನನ್ನದೂ ಇತ್ತು. ನನಗೆ ಕೆಲಸ ಕಲಿಸಿದವರು ಎಂದು ಬಾಷಾ ಸಾಹೇಬರ, ಸಿದ್ದಲಿಂಗಪ್ಪ ಸರ್ ಹೆಸರನ್ನೂ ಸೇರಿಸಿ ಎಂದು ಕೇಳಿಕೊಂಡೆ, ಸೇರಿಸಿದರು. ಕೊನೆಯ ಸಾಲು ಮಾತ್ರ "ಮಾದರಿ ಒದಗಿಸಿದ ರೈತರಿಗೆ" ಎಂದು ಮುಗಿದಿತ್ತು. ಗಿರಿಜಾ ಒಪ್ಪಲಿಲ್ಲ.

"ಅಜ್ಜಿ ಹೆಸ್ರು ಬೇಕು ಸರೋಜಕ್ಕ. ಹೆಸ್ರಿಲ್ಲದ ಬಾಟ್ಲಿ ವಿಷ ಅಂತ ನೀವೇ ಅಲ್ವಾ ಹೇಳಿದ್ದು?"

"ಬಾಟ್ಲಿಗೆ ಮರ್ಯಾದೆ ಇಲ್ಲ ಕಣೆ, ಅಜ್ಜಿಗೆ ಇದೆ. ನಾನು ಮಾತು ಕೊಟ್ಟಿದ್ದೀನಿ," ಎಂದೆ. ಆದರೆ ನನಗೂ ಮನಸ್ಸು ಒಪ್ಪಲಿಲ್ಲ. ಎಲ್ಲರಿಗಿಂತ ಹೆಚ್ಚಿಗೆ ಕೊಟ್ಟವರು ಹೆಸರಿಲ್ಲದೆ ಹೋಗುವುದೇ? ಅಚ್ಚಿಗೆ ಹೋಗುವ ಮುನ್ನ ಅಜ್ಜಿಯನ್ನೇ ಕೇಳೋಣ ಎಂದು ಕಾಗದ ಹಿಡಿದು ಇಬ್ಬರೂ ಹೋದೆವು.

ಜಗಲಿಯ ಮೇಲೆ ಗಿರಿಜಾ ಓದಿದಳು: "ಕೆಟ್ಟ ಕಾಯಿ ಮತ್ತು ಒಳ್ಳೆಯ ಕಾಯಿ ಎರಡನ್ನೂ ಕೊಟ್ಟ ಗೌಡಗೆರೆಯ ಜುಂಜಮ್ಮನವರಿಗೆ." ಅಜ್ಜಿ ಕೇರುವುದನ್ನು ನಿಲ್ಲಿಸಿದರು.

"ಕೆಟ್ಟುದ್ದು ಯಾಕೆ ಮುಂದ್ಕಿಟ್ಟಿದ್ದೀಯ?"

ಗಿರಿಜಾ ಪೆನ್ನು ತೆಗೆದು ತಿದ್ದಿದಳು. ಒಳ್ಳೆಯ ಕಾಯಿ ಮೊದಲು, ಕೆಟ್ಟ ಕಾಯಿ ಆಮೇಲೆ. ಮತ್ತೆ ಓದಿದಳು.

"ಇಂಗಾದ್ರೆ ಇರ್ಲಿ ಬುಡು," ಎಂದರು ಅಜ್ಜಿ. "ಎದುರುಮನೆ ಈರಮ್ಮನ್ನೂ ಬರಿ. ಅವಳದ್ದು ನನ್ನದ್ಕಿಂತ ಬೂಷ್ಟು."

ಆ ಬೀದಿಯ ಹೆಂಗಸರ ಹೆಸರುಗಳೆಲ್ಲ, ಅವರವರ ಒಪ್ಪಿಗೆ ಕೇಳಿ, ಆ ಪುಟದಲ್ಲಿ ಹೀಗೆ ಬಂದವು. ನಾವು ಹೊರಡಲು ಎದ್ದಾಗ ಅಜ್ಜಿ ಮೊರದ ತುದಿಯಲ್ಲಿ ಉಳಿದಿದ್ದ ಕಪ್ಪು ಕಾಯಿಗಳನ್ನು ಬಾಚಿ ನೀರೊಲೆಗೆ ಎಸೆದು ಬಂದು, ಉಣ್ಣದೆ ಹೋಗಕೂಡದು ಎಂದು ಕೂರಿಸಿದರು. ಮುದ್ದೆ, ಸಾರು, ಪಕ್ಕದಲ್ಲಿ ಕಡಲೆಬೀಜದ ಚಟ್ನಿ. ಚಟ್ನಿ ನೋಡಿ ನನ್ನ ಕೈ ಒಂದು ಗಳಿಗೆ ತಡೆಯಿತು. ಅಜ್ಜಿ ಅದನ್ನು ಗಮನಿಸಿದರು. ತಮ್ಮ ತಟ್ಟೆಯನ್ನೂ ಎಳೆದುಕೊಂಡು, ನಮಗೆ ಬಡಿಸಿದ ಬಟ್ಟಲಿನಿಂದಲೇ ತಮಗೂ ಬಡಿಸಿಕೊಂಡರು.

"ಉಣ್ಣು ಮಗ, ಒಳ್ಳೇ ಕಾಯಿದು," ಎಂದರು. "ಈಗ ನಾನೂ ಅದ್ನೇ ತಿನ್ನಾದು."